ಅರ್ಧ ಕಚ್ಚಿದ ಬೆಲ್ಲ

ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ಊಟ ಮುಗಿದ ಮೇಲೆ ಯಾರಾದರೂ ದೆವ್ವ, ಶಕುನ ಅಂತ ಶುರು ಮಾಡಿದರೆ ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಅಂಥ ಕಥೆ ಕೇಳುವುದಕ್ಕಿಂತ ಅದೇ ವಾಸಿ ಎನಿಸುತ್ತಿತ್ತು. ನಾನು ಕ್ವಾಲಿಟಿ ಇಂಜಿನಿಯರ್. ಕಾರಿನ ಒಂದು ಭಾಗ ಇನ್ನೊಂದಕ್ಕೆ ಸರಿಯಾಗಿ ಕೂರುತ್ತದೋ ಇಲ್ಲವೋ ಅಳೆದು ನೋಡುವುದು ನನ್ನ ಕೆಲಸ. ಅಳತೆಗೆ ಸಿಗದ್ದನ್ನು ನಂಬಿ ಅಭ್ಯಾಸವಿಲ್ಲ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಅದು ರಿಸೆಷನ್ ಸಮಯ. ನಾವಿದ್ದದ್ದು ಅಮೆರಿಕದ ಮಿಷಿಗನ್ನಿನ ಪ್ಲಿಮತ್‌ನಲ್ಲಿ. ನನ್ನ ಗಂಡ ಬಸವರಾಜನ ಕೆಲಸ ಹೋಗಿತ್ತು, ನನ್ನದು ಹೇಗೋ ಉಳಿದಿತ್ತು. ಆಗ ಮಲೇಷ್ಯಾದಲ್ಲಿದ್ದ ನಮ್ಮ ಹೊಸ ಕಾರ್ಖಾನೆಗೆ ಯಾರಾದರೊಬ್ಬರು ಹೋಗಬೇಕಾಗಿ ಬಂತು. ನೀನು ಇಂಡಿಯಾದವಳಲ್ಲವೇ, ಸೆಕೆ ನಿನಗೇನು ಮಾಡೀತು ಎಂದು ಬಾಸ್ ನನ್ನನ್ನೇ ಆರಿಸಿದ. ನಾನೂ ಜಂಬದಿಂದ ತಲೆಯಾಡಿಸಿದೆ. ನಾನು ಮೈಸೂರಿನವಳು, ಡಿಸೆಂಬರ್ ಬಂದರೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಬೆಳೆದವಳು ಎಂಬುದು ಅವನಿಗೆ ಗೊತ್ತಿರಲಿಲ್ಲ, ನನಗೂ ಆ ಕ್ಷಣ ನೆನಪಾಗಲಿಲ್ಲ. ಅಲ್ಲಿ ಉತ್ಪಾದನೆ ಶುರು ಮಾಡಿಸದೆ ವಾಪಸ್ ಬಂದರೆ ನನ್ನ ಕೆಲಸವೂ ಹೋಗುತ್ತದೆ, ಅದರ ಹಿಂದೆಯೇ ಮನೆಯೂ ಹೋಗುತ್ತದೆ ಎಂಬುದು ಮಾತ್ರ ನನಗೂ ಬಸವರಾಜನಿಗೂ ಚೆನ್ನಾಗಿ ಗೊತ್ತಿತ್ತು.

ಬಸವರಾಜ ಗದಗಿನ ಕಡೆಯವನು. ಮನೆಗೆ ಯಾರೇ ಬರಲಿ, ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಪಕ್ಕದಲ್ಲಿ ಒಂದು ಲೋಟ ನೀರು ತಂದಿಡುವುದು ಅವನ ಪದ್ಧತಿ. ಪಾರ್ಸೆಲ್ ತರುವವನನ್ನೂ ಬಿಡುತ್ತಿರಲಿಲ್ಲ. "ಹೊರಗೆ ಸ್ನೋ ಬೀಳ್ತಾ ಇದೆ ಕಣೋ, ಅವನಿಗೆ ಕಾಫಿ ಕೊಡು" ಎಂದು ನಾನು ಬೈದರೆ, "ಹೊರಗಿಂದ ಬಂದವ್ರಿಗೆ ಬರೇ ನೀರ ಕೊಡಬಾರ್ದ, ಹೊಟ್ಟ್ಯಾಗ ಹಿಡಕೊಳ್ತದ" ಅನ್ನುತ್ತಿದ್ದ. ಸಕ್ಕರೆ ಕಾಯಿಲೆಯಿಂದಾಗಿ ಅವನು ಮಾತ್ರ ಬೆಲ್ಲ ಮುಟ್ಟುತ್ತಿರಲಿಲ್ಲ. ನಾನು ಒಮ್ಮೆ ರುಚಿ ನೋಡಿದ್ದು ಬಿಟ್ಟರೆ ಹಟಕ್ಕೆ ಮುಟ್ಟುತ್ತಿರಲಿಲ್ಲ.

ಮಲೇಷ್ಯಾದಲ್ಲಿ ಬಿಸಿಲಿಗಿಂತ ಗಾಳಿಗೇ ನಾನು ಸೋತೆ. ಗಾಳಿಯೇ ಒದ್ದೆ. ಏಸಿ ಕೋಣೆಯಿಂದ ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತಿತ್ತು. ಹಣೆಗೆ ಅಂಟಿಸಿದ ಸ್ಟಿಕ್ಕರ್ ಬಿಂದಿ ಕಾರ್ಖಾನೆ ತಲುಪುವಷ್ಟರಲ್ಲಿ ಜಾರಿ ಮೂಗಿನ ಮೇಲಿರುತ್ತಿತ್ತು. ಬೆನ್ನ ತುಂಬ ಬೆವರುಸಾಲೆ ಎದ್ದು ರಾತ್ರಿ ನಿದ್ದೆ ಇರಲಿಲ್ಲ. ಅನ್ನ ಕಂಡರೆ ವಾಕರಿಕೆ. ನೀರನ್ನೇನೋ ಕೊಡಗಟ್ಟಲೆ ಕುಡಿಯುತ್ತಿದ್ದೆ, ಕುಡಿದಷ್ಟೂ ತಲೆ ಸುತ್ತುತ್ತಿತ್ತು. ನನ್ನ ಜೊತೆಗೆ ಬಂದಿದ್ದ ಜರ್ಮನಿಯವನೊಬ್ಬ ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದ. ಅದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

ಯಂತ್ರಗಳನ್ನು ಕೊನೆಯ ಸಲ ಪರೀಕ್ಷಿಸುವ ದಿನ ಬೆಳಿಗ್ಗೆ ಗೆಸ್ಟ್ ಹೌಸಿನಿಂದ ನಡೆದು ಹೊರಟವಳಿಗೆ ಅರ್ಧ ದಾರಿಯಲ್ಲಿ ಕಣ್ಣು ಕತ್ತಲಿಟ್ಟಿತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕುಸಿದು ಕುಳಿತೆ. ಸುತ್ತ ಯಾರೂ ಇರಲಿಲ್ಲ. ಬಾಸ್‌ಗೆ ಫೋನ್ ಮಾಡಿ ನನ್ನಿಂದಾಗದು ಎಂದು ಹೇಳಿಬಿಡೋಣವೆಂದು ಫೋನ್ ತೆಗೆದರೆ ಕಣ್ಣು ಮಂಜಾಗಿ ಅಂಕಿಗಳೇ ಕಾಣಲಿಲ್ಲ. ಕಣ್ಣು ಮುಚ್ಚಿದೆ.

ಆಗ ಬಾಯಲ್ಲಿ ಬೆಲ್ಲದ ರುಚಿ ಬಂತು. ನೆನಪಲ್ಲ, ರುಚಿ. ಸ್ವಲ್ಪ ಉಪ್ಪುಪ್ಪಾಗಿ, ಹಲ್ಲಿಗೆ ಮರಳಿನಂತೆ ಸಿಕ್ಕುವ, ಪ್ಲಿಮತ್ ಪಕ್ಕದೂರು ಕ್ಯಾಂಟನ್ನಿನ ಇಂಡಿಯನ್ ಅಂಗಡಿಯಿಂದ ನಾವು ತರುತ್ತಿದ್ದ ಅದೇ ಬೆಲ್ಲ. ಅದರ ಹಿಂದೆಯೇ ಗಂಟಲಲ್ಲಿ ನೀರು ಇಳಿಯಿತು. ಮಿಷಿಗನ್ನಿನ ಚಳಿಗಾಲದಲ್ಲಿ ನಲ್ಲಿಯಿಂದ ಬರುತ್ತದಲ್ಲ, ಹಲ್ಲು ಜುಮ್ಮೆನ್ನುವಷ್ಟು ತಣ್ಣನೆಯ ನೀರು, ಅದು. ಗುಟುಕು ಗುಟುಕಾಗಿ ಕುಡಿದೆ. ಕಣ್ಣು ಬಿಟ್ಟಾಗ ಕೈಯಲ್ಲಿ ಏನೂ ಇರಲಿಲ್ಲ, ತುಟಿ ಮಾತ್ರ ಒದ್ದೆಯಾಗಿತ್ತು. ಎದ್ದು ನಿಂತೆ. ತಲೆ ಸುತ್ತಲಿಲ್ಲ. ನಡೆದುಕೊಂಡು ಹೋಗಿ ಇಡೀ ದಿನ ನಿಂತು ಪರೀಕ್ಷೆ ಮುಗಿಸಿದೆ. ಕೆಲಸ ಉಳಿಯಿತು.

ಸಂಜೆ ಆ ಸುದ್ದಿ ಹೇಳಲು ಮನೆಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಬಸವರಾಜ, "ಬೆಲ್ಲ ಯಾಕ ಅರ್ಧಾ ಬಿಟ್ಟಿ?" ಅಂದ.

"ಏನಂದೆ?" ಎಂದೆ.

ಅವನು ನಾಚಿಕೊಂಡು ಹೇಳಿದ. ನನ್ನ ಆ ಬೆಳಗು ಅವನಿಗೆ ಹಿಂದಿನ ಸಂಜೆ. ಹೊರಗೆ ಸ್ನೋ ಬೀಳುತ್ತಿತ್ತಂತೆ. "ಒಮ್ಮಿಂದೊಮ್ಮೆಲೆ ಮನಿ ತುಂಬ ಕುದಿ ಆತು ನೋಡು. ಕಿಟಕಿ ಗಾಜೆಲ್ಲಾ ಬೆವತುಬಿಟ್ವು. ಯಾರೋ ಬಿಸಿಲಾಗಿಂದ ಬಂದು ಕುರ್ಚಿ ಮ್ಯಾಲ ಕುಂತಂಗ ಅನಿಸ್ತು. ಕೈ ತನ್ನಷ್ಟಕ್ಕ ತಾನ ಬೆಲ್ಲ, ನೀರ ತಂದಿಟ್ತು." ಹೀಟರ್ ಕೆಟ್ಟಿತೇನೋ ಎಂದು ನೆಲಮಾಳಿಗೆಗೆ ಇಳಿದು ನೋಡಿದರೆ ಅದು ಸರಿಯಾಗೇ ಇತ್ತಂತೆ. ಮೇಲೆ ಬಂದಾಗ ಲೋಟ ಖಾಲಿ, ಬೆಲ್ಲ ಅರ್ಧ. "ಫೋನ್ ಎತ್ತಿದ ಕೂಡ್ಲೆ ಅದ ಮಾತು ಬಾಯಿಗೆ ಬಂತು. ಯಾಕಂತ ನಂಗೊತ್ತಿಲ್ಲ" ಅಂದ. ಬಸ್ ಸ್ಟಾಪಿನ ವಿಷಯ ನಾನಿನ್ನೂ ಯಾರಿಗೂ ಹೇಳಿರಲಿಲ್ಲ.

ಸೆಕೆಗೆ ತಲೆ ಕೆಟ್ಟು ನನಗೆ ಭ್ರಮೆಯಾಗಿರಬಹುದು. ಮನೆಯಲ್ಲಿ ಒಂಟಿಯಾಗಿ ಕೂತು ಕೂತು ಅವನೇ ಮರೆವಿನಲ್ಲಿ ಬೆಲ್ಲ ಕಚ್ಚಿರಬಹುದು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಎರಡನ್ನೂ ಜೋಡಿಸಲು ಹೋದರೆ ಸರಿಯಾಗಿ ಕೂರುವುದಿಲ್ಲ.

ಆ ಬೆಲ್ಲವನ್ನು ಬಸವರಾಜ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟಿದ್ದ. ಇವತ್ತಿಗೂ ಅಲ್ಲೇ ಇದೆ. ಹಲ್ಲಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ, ಒಂದು ಕಡೆ ಕೊಂಚ ಓರೆ. ನನ್ನ ಮುಂದಿನ ಹಲ್ಲೊಂದೂ ಓರೆಯೇ. ಬಾಯಿಗಿಟ್ಟು ಹೊಂದಿಸಿ ನೋಡಿದರೆ ನಿಮಿಷದಲ್ಲಿ ತಿಳಿದುಹೋಗುತ್ತದೆ. ಇಷ್ಟು ವರ್ಷ ಅಳೆದೇ ಅನ್ನ ತಿಂದವಳು ನಾನು, ಇದೊಂದನ್ನು ಅಳೆಯುವ ಧೈರ್ಯ ಇನ್ನೂ ಬಂದಿಲ್ಲ.