ಸುಮ್ಮನೆ ಕೂರಲು ಕಲಿತ ಕೆಂಚಿ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಮ್ಮೂರು ಹೆಮ್ಮರಗಾಲದ ಕಬ್ಬಿನ ಗದ್ದೆಗೆ ಚಿರತೆ ಬಂದು ಸೇರಿಕೊಳ್ಳುತ್ತಿತ್ತು. ಅದು ಎಲ್ಲಿ ಮಲಗುತ್ತದೆಂದು ಗೊತ್ತಾದರೆ ಅಲ್ಲಿಗೇ ಕಬ್ಬಿಣದ ಬೋನು ಸಾಗಿಸಿ ಹಿಡಿಯಬಹುದು ಅಂತ ಅಪ್ಪನ ಲೆಕ್ಕಾಚಾರ. ಅದಕ್ಕೇ ನಮ್ಮ ನಾಯಿ ಕೆಂಚಿಗೆ ವಾಸನೆ ಹಿಡಿದು ಹೋಗುವುದನ್ನು ಕಲಿಸುತ್ತಿದ್ದ.

ಹಿಂದೆ ಬೋನಿಗೆ ಬಿದ್ದಿದ್ದ ಚಿರತೆ ಹೊರಳಾಡಿದ ಹುಲ್ಲನ್ನು ಅಪ್ಪ ಗೋಣಿಚೀಲಕ್ಕೆ ತುಂಬಿಟ್ಟಿದ್ದ. ಅಬ್ಬಾ, ಅದೆಂಥ ನಾತ! ಆ ಚೀಲವನ್ನು ಕಬ್ಬಿನ ಸಾಲುಗಳ ನಡುವೆ ಎಳೆದುಕೊಂಡು ಹೋಗಿ ಬಚ್ಚಿಟ್ಟುಕೊಳ್ಳುವುದು ನನ್ನ ಕೆಲಸ. ಕೆಂಚಿ ಹುಡುಕಿಕೊಂಡು ಬಂದಾಗ ಬೊಗಳಬಾರದು. ಬೊಗಳಿದರೆ ಚಿರತೆ ಮೈಮೇಲೆ ಬಿದ್ದೀತು. ಅಪ್ಪ ಬರುವವರೆಗೂ ಸದ್ದಿಲ್ಲದೆ ಕೂತಿರಬೇಕು. ಕೂತರೆ ಒಂದು ಚೂರು ಬೆಲ್ಲ.

ಆ ಮಧ್ಯಾಹ್ನ ನಾನು ಚೀಲದ ಸಮೇತ ಗದ್ದೆಯಂಚಿನ ಖಾಲಿ ಬೋನಿನೊಳಗೇ ನುಗ್ಗಿದೆ. ಕಾಲು ತಗುಲಿ, ಮೇಲೆತ್ತಿ ಕಟ್ಟಿದ್ದ ಬಾಗಿಲು ಧಡ್ ಅಂತ ಬಿತ್ತು. ತಳ್ಳಿದೆ, ಒದ್ದೆ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೂಗಿಗೆ ತುಕ್ಕಿನ ವಾಸನೆ, ಬೆನ್ನಿಗೆ ಸುಡುವ ಸರಳು. ಅಷ್ಟರಲ್ಲಿ ಕೆಂಚಿ ಒಬ್ಬಳೇ ಬಂದು ಬೋನಿನ ಮುಂದೆ ಕೂತಳು. ಅವತ್ತೇ ಮೊದಲ ಸಲ ಅಪ್ಪ ಅವಳ ಹಗ್ಗ ಬಿಚ್ಚಿಬಿಟ್ಟಿದ್ದ.

ಇದ್ದಕ್ಕಿದ್ದಂತೆ ಅವಳ ಬೆನ್ನಿನ ಕೂದಲು ನೆಟ್ಟಗಾಯಿತು. ತುಸು ದೂರದಲ್ಲಿ, ಕಬ್ಬಿನ ಸೋಗೆಯ ಮರೆಯಲ್ಲಿ, ನಿಜವಾದ ಚಿರತೆ ನಿಂತಿತ್ತು.

ನಾನೇನೋ ಸರಳುಗಳ ಒಳಗಿದ್ದೆ, ಅವಳು ಹೊರಗಿದ್ದಳು. “ಓಗೇ ಕೆಂಚಿ, ಓಡೇ!” ಅಂದೆ. ಕದಲಲಿಲ್ಲ. ಪಾಪ, ಕಲಿಸಿದ್ದನ್ನು ಕಲಿತಿದ್ದಳು. ಗಡಗಡ ನಡುಗುತ್ತಾ ಬಾಯಿ ಮುಚ್ಚಿಕೊಂಡು ಕೂತೇ ಇದ್ದಳು. ಸಂದಿಯಲ್ಲಿ ಕೈ ತೂರಿಸಿ ಅವಳ ಕತ್ತು ಹಿಡಿದುಕೊಂಡೆ. ಒಳಗೆ ಎಳೆದುಕೊಳ್ಳಲು ಆಗುತ್ತಿಲ್ಲ. ಗಂಟಲು ಹರಿಯುವಂತೆ ಕಿರುಚಿದೆ. ಅವಳ ಬದಲು ನಾನೇ ಬೊಗಳಿದೆ ಅನ್ನಿ.

ಅಪ್ಪ ಮಚ್ಚಿನಿಂದ ಕಬ್ಬು ಬಡಿಯುತ್ತಾ ಓಡಿಬಂದ. ಚಿರತೆ ಸೋಗೆಯೊಳಗೆ ಸರಿದುಹೋಯಿತು. ಬಾಗಿಲೆತ್ತಿದ ಅಪ್ಪ ನಮ್ಮಿಬ್ಬರನ್ನೂ ತಬ್ಬಿಕೊಂಡ.

“ಸುಮ್ನೆ ಕೂರೋದ ಕಲಿಸ್ಬುಟ್ಟೆ ಕಣ್ಲಾ ಮಗ, ಓಡೋದ ಕಲಿಸ್ನಿಲ್ವಲ್ಲ” ಅಂದ. ಆ ಪಾಠ ಅವತ್ತಿಗೇ ನಿಂತಿತು.

ಈಗ ಊರಲ್ಲಿ ಚಿರತೆ ಕಂಡರೆ ಡ್ರೋನ್ ಹಾರುತ್ತದೆ, ಜೀಪಿನಲ್ಲಿ ತರಬೇತಿಯಾದ ನಾಯಿ ಬರುತ್ತದೆ. ಅದರ ಪಕ್ಕದಲ್ಲಿ ಯಾವಾಗಲೂ ಒಬ್ಬರು ಇರುತ್ತಾರೆ, ನನಗದೇ ಸಮಾಧಾನ. ಆದರೆ ನಿಮ್ಮನ್ನು ನೋಡಿದರೆ? ಚಿರತೆಯ ಭಯಕ್ಕೆ ಶಾಲೆಯ ವ್ಯಾನಿನಿಂದ ಇಳಿದವರೇ ಗೇಟಿನೊಳಗೆ ಸೇರಿ, ಮೊಬೈಲ್ ಹಿಡಿದು ಉಸಿರೆತ್ತದೆ ಕೂತುಬಿಡುತ್ತೀರಿ. ಎಷ್ಟು ಒಳ್ಳೆಯ ಮಕ್ಕಳು ಅಂತ ಬಂದವರೆಲ್ಲ ಹೊಗಳುತ್ತಾರೆ. ನನಗೆ ಮಾತ್ರ ಬೋನಿನ ಮುಂದೆ ಕೂತ ಕೆಂಚಿ ನೆನಪಾಗುತ್ತಾಳೆ. ಬೈಸಿಕೊಂಡರೂ ಪರವಾಗಿಲ್ಲ, ಒಂದಿಷ್ಟು ಗಲಾಟೆ ಮಾಡಿ, ಮಕ್ಕಳೇ.