ಬಂಡಿಗೆ ಅಡ್ಡ ನಿಂತ ಅಕ್ಕೋರು

ಕಂಪ್ಲಿಯ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ ಚೆನ್ನಬಸಮ್ಮನವರಿಗೆ ಶಾಲೆಯ ಹೊರತು ಈ ಲೋಕದಲ್ಲಿ ಏನೂ ಬೇಕಿರಲಿಲ್ಲ. ಬಾಡಿಗೆಯ ಕೋಣೆಯೊಂದೇ ಅವರ ಸಂಸಾರ. ಸ್ವಂತ ಮನೆಯಾಗಲೆಂದು ಹಂಪಿಯಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಬರುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಮದ್ರಾಸ್ ಸರಕಾರದ ಆ ಕಾಲದಲ್ಲಿ, ಶಾಲೆಯ ದಿನಗಳಲ್ಲಿ ತಿರುಗಾಡಲು ಹೋದ ಹುಡುಗಿಯರು ಸೋದರತ್ತೆಯ ಊರಿನಲ್ಲಿ ಮದುವೆ ನಿಶ್ಚಯವಾಗಿ ಮರಳುತ್ತಿದ್ದರು. ಮತ್ತೆ ಶಾಲೆಗೆ ಬರುತ್ತಿರಲಿಲ್ಲ. ಅದಕ್ಕೇ ಚೆನ್ನಬಸಮ್ಮ ಬಂಡಿಗಳಿಗೆ ಅಡ್ಡ ನಿಲ್ಲುತ್ತಿದ್ದರು. ಊರಿನಲ್ಲಿ ಐದನೆಯ ತರಗತಿ ಮುಗಿಸಿದ ಹುಡುಗಿಯರಿದ್ದರೆ ಅದು ಅವರಿಂದಲೇ.

ಅಂದು ಬೆಳಿಗ್ಗೆ ಮೂಕಪ್ಪನ ಬಂಡಿ ಬಂತು. ಒಳಗೆ ಹೆಂಡತಿ, ಮಕ್ಕಳು. ಹಿರಿಮಗಳು ವಿರುಪಮ್ಮ ಓದಿನಲ್ಲಿ ಎಲ್ಲರಿಗಿಂತ ಮುಂದು.

“ಗಂಟು ಬಿಚ್ಚು, ಮೂಕಪ್ಪ.”

“ಬರೇ ಹಂಪಿಗ್ರಿ ಅಕ್ಕೋರ. ಬಿತ್ತಿಗಿ ಮುಗಿದೈತಿ, ಎತ್ತು ಖಾಲಿ ಅದಾವ. ನಿಮ್ಮ ರಜಾದಾಗ ನನಗೆಲ್ಲಿ ಬಿಡುವು?”

“ಬಿಚ್ಚು ಅಂದ್ನೆಲ್ಲ.”

ಹೊಸ ಸೀರೆ, ಉಡಿ ತುಂಬುವ ಅಕ್ಕಿ, ಕೊಬ್ಬರಿ ಇದ್ದರೆ ಮದುವೆ ನಿಶ್ಚಯಕ್ಕೇ ಹೊರಟದ್ದು. ಗಂಟಿನಲ್ಲಿದ್ದುದು ಜೋಳದ ರೊಟ್ಟಿ, ಶೇಂಗಾ ಚಟ್ನಿ.

“ಪೊಲೀಸ್ರೂ ಇಷ್ಟು ಹುಡುಕಂಗಿಲ್ಲ ಬಿಡ್ರಿ,” ಎಂದಳು ಮೂಕಪ್ಪನ ಹೆಂಡತಿ.

ಚೆನ್ನಬಸಮ್ಮ ನಗಲಿಲ್ಲ. “ಸೋಮವಾರ ಈಕಿ ಶಾಲಿಗೆ ಬರ್ಬೇಕು,” ಎಂದು ದಾರಿ ಬಿಟ್ಟರು.

ಬಂಡಿ ನಾಲ್ಕು ಹೆಜ್ಜೆ ಹೋಗಿರಬಹುದು. ಮತ್ತೆ ನಿಲ್ಲಿಸಿದರು. ರಸ್ತೆಯ ಬದಿಯ ಚಪ್ಪಟೆ ಕಲ್ಲೊಂದನ್ನು ಆರಿಸಿ, ಸೆರಗಿನಿಂದ ಒರೆಸಿ, ವಿರುಪಮ್ಮನ ಕೈಯಲ್ಲಿಟ್ಟರು.

“ಅಲ್ಲಿ ಎಲ್ಲಾರೂ ಪೇರಿಸಿರ್ತಾರಲ್ಲ, ನನ್ನ ಹೆಸರಿಲೆ ಇದನ್ನೂ ಒಂದರ ಮ್ಯಾಲೆ ಇಟ್ಟು ಬಾ.”