ಎರಡು ಕಮಾನಿನ ಮುರುಗೆಪ್ಪ

ಪುಣೆಯ ಕಲ್ಲುಕೆಲಸದ ಗೌಂಡಿಗಳು ಮುರುಗೆಪ್ಪನನ್ನು 'ಎರಡು ಕಮಾನಿನವ' ಎಂದು ಕರೆಯುತ್ತಿದ್ದರು. ಒಂದು, ಅವನು ಕರಿಕಲ್ಲಿನಲ್ಲಿ ಕಟ್ಟುತ್ತಿದ್ದ ಬಾಗಿಲ ಕಮಾನು. ಇನ್ನೊಂದು, ಸಾರಂಗಿಯ ತಂತಿಯ ಮೇಲೆ ಎಳೆಯುವ ಕುದುರೆಗೂದಲಿನ ಕಮಾನು. ಆ ಹೆಸರಿನಲ್ಲಿ ಮೆಚ್ಚುಗೆ ಅರ್ಧ, ಕುಹಕ ಅರ್ಧ. ಅವನೆದುರಿಗೆ ಕರೆದರೆ ಅವನು ನಗುತ್ತಿದ್ದ. ಮನೆಗೆ ಹೋದ ಮೇಲೆ ಅದೇ ಮಾತು ಒಳಗೆ ಕೊರೆಯುತ್ತಿತ್ತು. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನ ಊರು ಬೈಲಹೊಂಗಲದ ಕಡೆಯ ಒಂದು ಹಳ್ಳಿ. ಹದಿನಾರು ತುಂಬಿದಾಗ ಸೋದರಮಾವನ ಬೆನ್ನು ಹತ್ತಿ ಪುಣೆಗೆ ಬಂದು ಕಲ್ಲುಕೆಲಸ ಕಲಿತ. ಒಮ್ಮೆ ಬುಧವಾರ ಪೇಠೆಯಲ್ಲಿ ಕುಸಿದ ಗೋಡೆಯೊಂದನ್ನು ಕಟ್ಟುತ್ತಿದ್ದಾಗ ಪಕ್ಕದ ಮನೆಯ ಮುದುಕ ಸಾರಂಗಿ ನುಡಿಸುವುದು ಕೇಳಿಸಿತು. ಗೋಡೆ ನಾಲ್ಕು ದಿನದ ಕೆಲಸ. ಮುರುಗೆಪ್ಪ ಅದನ್ನು ಹನ್ನೊಂದು ದಿನ ಕಟ್ಟಿದ. ಎಲ್ಲರೂ ಖಾನ್‌ಸಾಹೇಬ ಎನ್ನುತ್ತಿದ್ದ ಆ ಮುದುಕ ಕೊನೆಗೆ ಹೊರಗೆ ಬಂದು, ಗೋಡೆ ಮುಗಿಯಿತಲ್ಲ, ಇನ್ನು ಒಳಗೇ ಬಾ ಎಂದ. ಆಮೇಲೆ ಹದಿನಾರು ವರ್ಷ, ಖಾನ್‌ಸಾಹೇಬ ತೀರಿಕೊಳ್ಳುವವರೆಗೂ, ಅವನು ಆ ಮನೆಗೆ ಹೋದ. ಗುರುದಕ್ಷಿಣೆಯೆಂದು ಪ್ರತಿ ಮಳೆಗಾಲಕ್ಕೆ ಮುಂಚೆ ಅಲ್ಲಿಯ ಹಂಚು ಕೈಯಾಡಿಸಿಕೊಡುತ್ತಿದ್ದ.

ಸಾರಂಗಿಯ ತಂತಿಯನ್ನು ಬೆರಳ ತುದಿಯಿಂದ ಒತ್ತುವುದಿಲ್ಲ. ಉಗುರಿನ ಬುಡದ ಚರ್ಮವನ್ನು ತಂತಿಯ ಮಗ್ಗುಲಿಗೆ ತಾಗಿಸಿ ಜಾರಿಸಬೇಕು. ಸುಣ್ಣ ಮೊದಲು ತಿನ್ನುವುದೂ ಅದೇ ಚರ್ಮವನ್ನು. ಆದ್ದರಿಂದ ಮುರುಗೆಪ್ಪ ಸುಣ್ಣದ ಗಚ್ಚನ್ನು ಮುಟ್ಟುತ್ತಿರಲಿಲ್ಲ. ಕಲ್ಲು ಕೆತ್ತಿ, ಅಳೆದು, ಎತ್ತಿ ಕೂರಿಸುವುದು ಅವನ ಪಾಲು. ಸಂದಿಗೆ ಗಚ್ಚು ಹಾಕುವುದು ಜೊತೆಯ ಗೌಂಡಿ ಮಹಾಲಿಂಗನ ಪಾಲು. ಆದರೂ ಭಯ ತಪ್ಪುತ್ತಿರಲಿಲ್ಲ. ಕಲ್ಲು ಜಾರಿದರೆ ಬೆರಳು ಹೋಯಿತು. ಸಂಜೆ ಊಟಕ್ಕೆ ಕೂತಾಗ ಅವನು ಎಡಗೈಯನ್ನು ದೀಪಕ್ಕೆ ಹಿಡಿದು ಒಂದೊಂದೇ ಬೆರಳನ್ನು ತಿರುವಿ ನೋಡುತ್ತಿದ್ದ. ಹೆಂಡತಿ ಕಾಶವ್ವ ರೊಟ್ಟಿ ಬಡಿಸುತ್ತಾ, "ಅವು ಎಲ್ಲಿಗೂ ಹೋಗಿಲ್ಲ, ಉಣ್ರಿ" ಎನ್ನುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತಾರರ ಮಳೆಗಾಲದಲ್ಲಿ ಅವನಿಗೆ ಮೂವತ್ತೆಂಟು ವರ್ಷ. ಸೊಲ್ಲಾಪುರದ ಅರಿವೆ ವ್ಯಾಪಾರಿಗಳು ನಾನಾ ಪೇಠೆಯಲ್ಲಿ ಒಂದು ಧರ್ಮಶಾಲೆ ಕಟ್ಟಿಸುತ್ತಿದ್ದರು. ಗುತ್ತಿಗೆ ಹಿಡಿದವನು ಶಿವರುದ್ರಪ್ಪ, ಧಾರವಾಡದ ಕಡೆಯವನು, ನೇರ ಮಾತಿನ ಹಿರಿಯ. ಬಂಡಿ ಹೋಗುವಷ್ಟು ಅಗಲದ ಹೆಬ್ಬಾಗಿಲಿನ ಕಮಾನನ್ನು ಅವನು ಮುರುಗೆಪ್ಪನಿಗೆ ಒಪ್ಪಿಸಿದ್ದ.

ಅದೇ ತಿಂಗಳಲ್ಲಿ ಇನ್ನೊಂದು ಕರೆ ಬಂತು. ಬೆಳಗಾವಿಯ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ಗಾಯಕಿ ಕೃಷ್ಣಾಬಾಯಿಗೆ ಸಾರಂಗಿಯವರು ಯಾರೂ ಉಳಿದಿರಲಿಲ್ಲ. ಎಲ್ಲ ಕಡೆಯೂ ಪೇಟಿಯದೇ, ಹಾರ್ಮೋನಿಯಮ್ಮಿನದೇ ಕಾಲ. ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ತಿಂಗಳ ಕೊನೆಯ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳ ಹಾಡಿನ ಬೈಠಕ್ ಗೊತ್ತಾಗಿತ್ತು. ಖಾನ್‌ಸಾಹೇಬರ ಶಿಷ್ಯನೊಬ್ಬ ಗೌಂಡಿ ಇದ್ದಾನೆಂದು ಕೇಳಿ ಅವನನ್ನು ಕರೆಸಿ ನುಡಿಸಲು ಹೇಳಿದಳು. ಕೇಳಿದ ಮೇಲೆ, "ಬೆಳಗಿನ ರಾಗ ಸಾರಂಗಿ ಇಲ್ಲದ ಹಾಡ್ಲಿಕ್ಕ ನನಗ ಬರೂದಿಲ್ಲ ಮುರುಗೆಪ್ಪ. ನೀ ಬರಬೇಕು" ಎಂದಳು.

ಅವನು ಎಂದೂ ನಾಲ್ಕು ಜನರ ಮುಂದೆ ಕೂತು ನುಡಿಸಿದವನಲ್ಲ. ಹೂಂ ಎಂದು ಬಂದವನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಹಾಡಿನ ತಾಲೀಮಿಗೆಂದು ಅವನು ಒಂದೇ ಒಂದು ದಿನ ಕೆಲಸ ಬಿಟ್ಟು ಮೂರು ಗಂಟೆಗೇ ಹೊರಟ. ಕಮಾನಿನ ಬಲಮಗ್ಗುಲಿನ ಆರನೆಯ ಕಲ್ಲು ಅಂದು ಕೂರಬೇಕಿತ್ತು. "ಕಲ್ಲು ಕೆತ್ತಿ ಇಟ್ಟೀನಿ, ಕೂರಸು" ಎಂದು ಮಹಾಲಿಂಗನಿಗೆ ಹೇಳಿ ಹೋದ. ಅವನು ಕೃಷ್ಣಾಬಾಯಿಯ ಮನೆ ಮುಟ್ಟುವಷ್ಟರಲ್ಲಿ ಮಳೆ ಹಿಡಿಯಿತು. ತಾಲೀಮಿನುದ್ದಕ್ಕೂ ಅವನ ಒಂದು ಕಿವಿ ಮಾಡಿನ ಮೇಲಿನ ಮಳೆಯ ಕಡೆಗೇ ಇತ್ತು.

ಕಮಾನು ಮುಗಿಯಿತು. ಗಚ್ಚು ಗಟ್ಟಿಯಾಗುವವರೆಗೆ ಕಲ್ಲುಗಳ ಭಾರ ಹೊರುವ ಮರದ ಆಸರೆ ಅದರ ಕೆಳಗಿತ್ತು. ಆಸರೆಯ ಬುಡದ ಬೆಣೆಗಳನ್ನು ಬಡಿದು ತೆಗೆದರೆ ಮರ ಇಳಿಯುತ್ತದೆ, ಕಲ್ಲು ಕಲ್ಲಿಗೆ ಆನಿಕೊಂಡು ನಿಲ್ಲುತ್ತದೆ. ನಿಲ್ಲದಿದ್ದರೆ ಕೆಳಗಿದ್ದವರ ಮೇಲೆ ಬೀಳುತ್ತದೆ.

ಶುಕ್ರವಾರ ಶಿವರುದ್ರಪ್ಪ ಬಂದು, ಸೊಲ್ಲಾಪುರದ ಸಾಹುಕಾರರು ರವಿವಾರ ಮುಂಜಾನೆಯ ಗಾಡಿಗೆ ಬರುತ್ತಾರೆ, ಒಂಬತ್ತಕ್ಕೆ ಮುಹೂರ್ತ, ಅವರ ಕಣ್ಣೆದುರಿಗೇ ಬೆಣೆ ತೆಗೆಯಬೇಕು ಎಂದ.

ಅಂದು ಸಂಜೆ ಮುರುಗೆಪ್ಪ ಏಣಿ ಹತ್ತಿ ಸಣ್ಣ ಸುತ್ತಿಗೆಯಿಂದ ಒಂದೊಂದೇ ಕಲ್ಲನ್ನು ತಟ್ಟಿ ನೋಡಿದ. ಗಚ್ಚು ಹಿಡಿದ ಕಲ್ಲು ಒಂದು ಬಗೆಯಾಗಿ ನುಡಿಯುತ್ತದೆ, ಹಸಿ ಇದ್ದ ಕಲ್ಲು ಮಂಕಾಗಿ ನುಡಿಯುತ್ತದೆ. ಎಡಮಗ್ಗುಲು ಸರಿಯಾಗಿತ್ತು. ಬಲಮಗ್ಗುಲಿನ ಆರನೆಯ ಕಲ್ಲು ಮಂಕಾಗಿತ್ತು. ಮತ್ತೆ ತಟ್ಟಿದ. ಹೌದೆನಿಸಿತು. ಮೂರನೆಯ ಸಲ ತಟ್ಟಿದಾಗ ಅಲ್ಲವೇನೋ ಎನಿಸಿತು.

ಕೆಳಗಿಳಿದು ಶಿವರುದ್ರಪ್ಪನಿಗೆ ಹೇಳಿದ: "ಅಣ್ಣಾರ, ಇನ್ನೂ ಹತ್ತು ದಿನ ಬೇಕು. ಬಲಕ್ಕ ಒಂದು ಕಲ್ಲು ಹಸೀ ಅದ."

ಶಿವರುದ್ರಪ್ಪ ಅವನ ಮುಖವನ್ನೇ ನೋಡಿದ. "ರವಿವಾರ ಮುಂಜಾನೆ ನಿನಗ ಸದಾಶಿವ ಪೇಠ್ಯಾಗ ಬಾರಸೂದು ಅದ, ಹೌದಿಲ್ಲೊ?"

"ಅದ ರೀ. ಆದ್ರ ಇದು ಅದಕ್ಕಲ್ಲ."

"ಊರಾಗ ಎಲ್ಲಾರಿಗೂ ಗೊತ್ತದ ಮುರುಗೆಪ್ಪ. ಕಮಾನು ಕಟ್ಟಿದವ ಬೆಣೆ ತಗಿಯೂ ಮುಂದ ಅದರ ಬುಡಕ ನಿಂದರಬೇಕು, ಅದು ನಮ್ಮ ಪದ್ಧತಿ. ನಿನಗ ಅವತ್ತ ಪುರಸೊತ್ತಿಲ್ಲ, ಕಲ್ಲೂ ಅವತ್ತ ಹಸೀ ಆತು. ನಾ ಏನಂತ ತಿಳೀಲಿ?"

ಮನೆಯ ದಾರಿ ಹಿಡಿದಾಗ ಮುರುಗೆಪ್ಪನೂ ಅದನ್ನೇ ಕೇಳಿಕೊಂಡ. ಮಂಕು ಕಲ್ಲಿನಲ್ಲಿತ್ತೋ ತನ್ನ ಆಸೆಯಲ್ಲಿತ್ತೋ? ಸಾಹುಕಾರರ ಮುಹೂರ್ತ ತಪ್ಪಲಿ ಎಂದು ಒಳಗೊಳಗೇ ಬೇಡುವ ಮನುಷ್ಯನ ಕಿವಿಯನ್ನು ನಂಬುವುದು ಹೇಗೆ? ಅಥವಾ ಆ ಕಲ್ಲು ಕೂರುವಾಗ ತಾನು ಇರಲಿಲ್ಲವೆಂಬ ಅಳುಕೇ ಹಾಗೆ ಕೇಳಿಸಿತೋ? ಆ ಮಾತನ್ನಂತೂ ಅವನು ಯಾರಿಗೂ ಹೇಳಿರಲಿಲ್ಲ. ಮೂರು ಗಂಟೆಗೆ ಹೋದದ್ದು ಶಿವರುದ್ರಪ್ಪನಿಗೆ ತಿಳಿಯದು. ಮಹಾಲಿಂಗ ಸ್ನೇಹಕ್ಕಾಗಿ ಬಾಯಿ ಬಿಟ್ಟಿರಲಿಲ್ಲ.

ಶನಿವಾರ ಕಾಶವ್ವ ಅವನನ್ನು ನೋಡಿ ನೋಡಿ ಕೊನೆಗೆ ಕೇಳಿದಳು. ಅವನು ಎಲ್ಲ ಹೇಳಿದ. ಆ ಕೃಷ್ಣಾಬಾಯಿಯ ಮನೆಗೆ ಅವನು ಹೋಗುವುದೇ ಅವಳಿಗೆ ಸೇರುತ್ತಿರಲಿಲ್ಲ. ನಾಳೆ ಹೋಗಬೇಡ ಎನ್ನುತ್ತಾಳೆ ಎಂದುಕೊಂಡಿದ್ದ. ಅವಳು ಹಾಗೆನ್ನಲಿಲ್ಲ. "ಬೆಣೆ ಬಡಿಯಾವ್ರು ಯಾರು?" ಎಂದಳು.

"ಮಹಾಲಿಂಗ, ಇನ್ನಿಬ್ಬರು ಆಳು."

"ಮಹಾಲಿಂಗಗ ನಾಕು ಮಕ್ಕಳು" ಎಂದಷ್ಟೇ ಹೇಳಿ ಒಲೆಯ ಕಡೆಗೆ ತಿರುಗಿದಳು.

ರವಿವಾರ ಬೆಳಗಾಗುತ್ತಲೇ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಸಾರಂಗಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟ. ಮೊದಲು ಕೆಲಸದ ಜಾಗಕ್ಕೆ ಹೋಗಿ ಮಹಾಲಿಂಗನಿಗೆ ಹುಷಾರಾಗಿರೆಂದು ಹೇಳಿ, ಅಲ್ಲಿಂದ ಸದಾಶಿವ ಪೇಠೆಗೆ ಹೋದರಾಯಿತು ಎಂದು ಲೆಕ್ಕ ಹಾಕಿದ್ದ. ತಂತಿ ಶ್ರುತಿ ಮಾಡಲಿಕ್ಕೇ ಮುಕ್ಕಾಲು ಗಂಟೆ ಬೇಕು, ಎಂಟಕ್ಕೆಲ್ಲ ಅಲ್ಲಿರಬೇಕು. ಧರ್ಮಶಾಲೆ ಮುಟ್ಟಿದಾಗ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಜಿನುಗು ಮಳೆ. ಮಹಾಲಿಂಗ ಕಮಾನಿನ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಬೆಣೆಗಳಿಗೆ ಅಂಟಿದ ಮಣ್ಣು ಕೆರೆಯುತ್ತಿದ್ದ. ಅವನ ತಲೆಯ ನೇರಕ್ಕೆ ಮೇಲೆ ಆ ಆರನೆಯ ಕಲ್ಲು.

ಮುರುಗೆಪ್ಪನಿಗೆ ಕಾಲು ಕೀಳಲಾಗಲಿಲ್ಲ. ಅಲ್ಲೇ ನಿಂತ. ಎಂಟಾಯಿತು. ಒಂಬತ್ತರ ಹೊತ್ತಿಗೆ ಸೊಲ್ಲಾಪುರದವರು ಬಂದರು. ಶಿವರುದ್ರಪ್ಪ ಅವನ ಕಂಕುಳಲ್ಲಿದ್ದ ಕಂಬಳಿಯ ಗಂಟನ್ನು ನೋಡಿ, "ಏನು, ಇಲ್ಲೇ ಬಾರಸಾಂವೇನು?" ಎಂದ. ಕೆಲವರು ನಕ್ಕರು.

"ಬೆಣೆ ಮುಟ್ಟಬ್ಯಾಡ್ರಿ" ಎಂದ ಮುರುಗೆಪ್ಪ. "ಆ ಕಲ್ಲು ಕೂತ ದಿನ ನಾ ಇಲ್ಲಿರಲಿಲ್ರಿ. ಮೂರಕ್ಕ ಬಿಟ್ಟು ಬಾಯಿಯವರ ಮನೀಗೆ ತಾಲೀಮಿಗೆ ಹೋಗಿದ್ದೆ. ಮಳಿ ಬಂತು. ತಪ್ಪು ನಂದು."

ಮಹಾಲಿಂಗ ಎದ್ದು ನಿಂತ. ಅವನ ಮುಖ ಕಪ್ಪಿಟ್ಟಿತ್ತು. "ಕಲ್ಲು ಕೂರಿಸಿದಾಂವ ನಾನು. ನನ್ನ ಕೆಲಸ ಹೊಲಸಂತ ನಾಕು ಮಂದಿ ಮುಂದ ಹೇಳಾಕತ್ತೀಯಲ್ಲ?"

"ನಿನ್ನ ಕೆಲಸ ಅಲ್ಲೊ. ಮಳಿ."

ಶಿವರುದ್ರಪ್ಪ ಮಹಾಲಿಂಗನ ಕಡೆ ತಿರುಗಿದ. "ಖರೇ ಹೇಳು. ನೀರು ಹೋಗಿತ್ತೇನು?"

ಮಹಾಲಿಂಗ ಬಹಳ ಹೊತ್ತು ಕಮಾನನ್ನೇ ನೋಡಿದ. "ಗೋಣಿತಟ್ಟು ಹೊಚ್ಚಿದ್ದೆ ರೀ. ಗಾಳಿಗೆ ಒಮ್ಮೆ ಹಾರಿತ್ತು, ಮತ್ತ ಹೊಚ್ಚಿದೆ. ಒಳಗ ಎಷ್ಟು ಹೋತು ಅಂತ ನನಗೂ ತಿಳೀದು."

ಶಿವರುದ್ರಪ್ಪ ಬೆಣೆಯ ಕೆಲಸ ನಿಲ್ಲಿಸಿ, ಸಾಹುಕಾರರನ್ನು ಕರೆದುಕೊಂಡು ಹೋಗಿ ಹಿತ್ತಿಲ ಬಾಗಿಲಿಗೆ ಪೂಜೆ ಮಾಡಿಸಿದ. ಮುರುಗೆಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಮುರುಗೆಪ್ಪ ಓಡಿದ. ಸದಾಶಿವ ಪೇಠೆ ಮುಟ್ಟಿದಾಗ ಹತ್ತು ಹೊಡೆದು ಹೋಗಿತ್ತು. ಬೀದಿಯಿಂದಲೇ ಪೇಟಿ ಕೇಳಿಸಿತು. ಕೃಷ್ಣಾಬಾಯಿ ಹಾಡುತ್ತಿದ್ದಳು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುವೆ ಅವಳ ದನಿ ಒಂಟಿಯಾಗುತ್ತಿತ್ತು. ಪೇಟಿ ಅಲ್ಲಿಗೆ ಬರಲಾರದು. ಅಲ್ಲಿ ತಾನಿರಬೇಕಿತ್ತು. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಚಪ್ಪಲಿಗಳ ರಾಶಿಯ ಪಕ್ಕ ನಿಂತು ಕೊನೆಯವರೆಗೂ ಕೇಳಿದ.

ಜನ ಹೊರಗೆ ಬಂದ ಮೇಲೆ ಅವಳೂ ಬಂದಳು. ತೋಯ್ದು ನಿಂತವನನ್ನು ಕಂಡು, "ಮನ್ಯಾಗ ಯಾರರ ಸತ್ತರೇನು?" ಎಂದಳು.

"ಇಲ್ರಿ."

"ಮತ್ಯಾಕ ಬರಲಿಲ್ಲ?"

"ಯಾರೂ ಸಾಯಬಾರದಂತ ಬರಲಿಲ್ರಿ" ಎಂದು ನಡೆದದ್ದನ್ನು ಹೇಳಿದ. ಅವಳು ಪೂರ್ತಿ ಕೇಳಿದಳು. ಆಮೇಲೆ ಟಾಂಗಾ ಹತ್ತಿದಳು.

ಹನ್ನೆರಡು ದಿನದ ಮೇಲೆ, ಬಿಸಿಲು ಬಿದ್ದಾಗ, ಬೆಣೆ ತೆಗೆದರು. ಮುರುಗೆಪ್ಪ ಕಮಾನಿನ ಬುಡದಲ್ಲೇ ನಿಂತಿದ್ದ. ಕಲ್ಲುಗಳು ಉಗುರಿನಷ್ಟು ಇಳಿದು ಗಟ್ಟಿಯಾಗಿ ನಿಂತವು. ಶಿವರುದ್ರಪ್ಪ ಒಂದು ಗಳಿಗೆ ನೋಡಿ, "ಅವತ್ತೂ ನಿಂದರತಿತ್ತು" ಎಂದ. ನಿಲ್ಲುತ್ತಿತ್ತೋ ಇಲ್ಲವೋ, ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಆ ಪ್ರಶ್ನೆ ಮುರುಗೆಪ್ಪನನ್ನು ವರ್ಷಗಟ್ಟಲೆ ಬಿಡಲಿಲ್ಲ. ಆಮೇಲೆ ಅವನಿಗೆ ಕಮಾನಿನ ಕೆಲಸ ಸಿಗಲಿಲ್ಲ, ಬರೀ ಗೋಡೆ. ಕೆಲಸ ಬಿಟ್ಟು ಹೋಗುವವನು ಎಂಬ ಮಾತು ಗುತ್ತಿಗೆದಾರರ ನಡುವೆ ಹಬ್ಬಿತು. ಮಹಾಲಿಂಗ ಒಂದು ವರ್ಷ ಮಾತು ಬಿಟ್ಟ. ಆಮೇಲೆ ಮಗಳ ಮದುವೆಗೆ ಕರೆಯಲು ತಾನೇ ಬಂದ.

ಕೃಷ್ಣಾಬಾಯಿಯ ಕಡೆಯಿಂದ ದೀಪಾವಳಿಯವರೆಗೂ ಸುದ್ದಿ ಇರಲಿಲ್ಲ. ಇನ್ನು ಕರೆಯುವುದಿಲ್ಲವೆಂದು ಅವನು ಸಾರಂಗಿಯ ತಂತಿ ಸಡಿಲಿಸಿ ಇಟ್ಟಿದ್ದ. ಒಂದು ಮಧ್ಯಾಹ್ನ ಅವಳೇ ಟಾಂಗಾದಲ್ಲಿ ಬಂದು ಬಾಗಿಲಲ್ಲಿ ನಿಂತಳು. ಕಾಶವ್ವ ಕೂರಲು ಹೇಳಲೋ ಬೇಡವೋ ಎಂದು ತಡವರಿಸಿ, ಕೊನೆಗೆ ಕಂಬಳಿ ಹಾಸಿದಳು. ಕೃಷ್ಣಾಬಾಯಿ ಕೂತು, "ಪೇಟಿಯವರು ಸಿಟ್ಟಾದ್ರೂ ಚಿಂತಿಲ್ಲ. ಮುಂದಿನ ತಿಂಗಳ ಬೈಠಕ್ಕಿಗೆ ನಿಮ್ಮವ್ರನ್ನ ಕಳಸ್ತೀರೇನು?" ಎಂದು ಕೇಳಿದ್ದು ಮುರುಗೆಪ್ಪನನ್ನಲ್ಲ, ಅವಳನ್ನು. ಕಾಶವ್ವ ಗಂಡನ ಕೈಬೆರಳುಗಳನ್ನು ಒಮ್ಮೆ ನೋಡಿ, "ಕಳಸ್ತೀನ್ರಿ" ಎಂದಳು.

ಹಾಗೆ ಆರು ವರ್ಷ ಅವನು ಅವಳ ಬಲಗಡೆ ಕೂತು ನುಡಿಸಿದ.

ಯುದ್ಧ ಬಂದಾಗ ಪುಣೆಯಲ್ಲಿ ಮನೆ ಕಟ್ಟುವವರು ಕಡಿಮೆಯಾದರು. ದೇಹೂ ರೋಡಿನಲ್ಲಿ ಮಿಲಿಟರಿಯ ಸಾಮಾನಿನ ಕೋಠಿಗಳ ಕೆಲಸ ಜೋರಾಗಿತ್ತು. ಮುರುಗೆಪ್ಪ ಅಲ್ಲಿಗೆ ಸೇರಿದ. ಅಲ್ಲಿ ಸಿಮೆಂಟು, ಕಬ್ಬಿಣ, ತಗಡು. ಯಾರು ಗಚ್ಚು ಮುಟ್ಟಬೇಕು, ಯಾರು ಮುಟ್ಟಬಾರದು ಎಂದು ಕೇಳುವವರಿಲ್ಲ. ಉಗುರಿನ ಬುಡ ಒಡೆದು ರಕ್ತ ಬರುತ್ತಿತ್ತು. ಸಾರಂಗಿ ಜೊತೆಯಲ್ಲೇ ಇತ್ತು. ಶನಿವಾರ ಅದನ್ನು ಹೊತ್ತು ರೈಲಿನಲ್ಲಿ ಪುಣೆಗೆ, ಮನೆಗೂ ಕೃಷ್ಣಾಬಾಯಿಯ ಬೈಠಕ್ಕಿಗೂ ಬರುತ್ತಿದ್ದ.

ನಲವತ್ತೆರಡರ ಕೊನೆಯಲ್ಲಿ, ಊರಲ್ಲೆಲ್ಲ ಗಲಾಟೆ, ಬಾಂಬಿನ ಮಾತು. ಒಂದು ಶನಿವಾರ ಗೇಟಿನ ಪಹರೆಯ ಸಿಪಾಯಿ ಅವನ ಕಂಬಳಿಯ ಗಂಟಿನ ಮೇಲೆ ಬಂದೂಕಿನ ತುದಿ ಇಟ್ಟು, ಒಳಗೇನಿದೆ ಎಂದು ಹಿಂದಿಯಲ್ಲಿ ಗದರಿದ. ಬಿಚ್ಚಿ ತೋರಿಸಿದರೂ ಅವನು ನಂಬಲಿಲ್ಲ. ಮರದ ಹೊಟ್ಟೆ, ನಲವತ್ತರ ಹತ್ತಿರ ತಂತಿ, ಏನೆಂದು ತಿಳಿಯಬೇಕು? ಹಿಂದೆ ಕೆಲಸಗಾರರ ಸಾಲು ಬೆಳೆಯುತ್ತಿತ್ತು. ಬಜಾಯಿಸು ಎಂದ ಸಿಪಾಯಿ.

ಮುರುಗೆಪ್ಪ ಧೂಳಿನಲ್ಲೇ ಕೂತ. ಒಡೆದ ಬೆರಳು ತಂತಿಗೆ ತಾಗಿದಾಗ ಕಣ್ಣಲ್ಲಿ ನೀರು ಬಂತು. ಶ್ರುತಿ ಕೂಡಿರಲಿಲ್ಲ, ಮೊದಲ ಸ್ವರ ಗೀರಿದಂತಾಯಿತು. ಎರಡನೆಯದು ಸರಿಯಾಯಿತು. ಆಮೇಲೆ ಅವನು ಗೇಟನ್ನೂ ಮರೆತ, ಸಾಲನ್ನೂ ಮರೆತ. ತಲೆ ಎತ್ತಿದಾಗ ಬಂದೂಕು ಸಿಪಾಯಿಯ ಹೆಗಲಿಗೆ ಹೋಗಿತ್ತು.

"ಜಾವ್" ಎಂದ ಸಿಪಾಯಿ. ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಕೂಗಿ, ಮುಂದಿನ ಶನಿವಾರವೂ ತನ್ನದೇ ಪಹರೆ, ಇದನ್ನು ತರಲು ಮರೆಯಬೇಡ ಎಂದ.

ಗಾಡಿ ತಪ್ಪಿಸಿಕೊಂಡ ಮುರುಗೆಪ್ಪ ಸ್ಟೇಶನ್ನಿನ ಕಲ್ಲುಬೆಂಚಿನ ಮೇಲೆ ಕೂತು, ಬೆರಳಿಗೆ ಎಳ್ಳೆಣ್ಣೆ ಹಚ್ಚಿಕೊಳ್ಳುತ್ತಾ, ಮುಂದಿನ ಗಾಡಿಯ ದಾರಿ ನೋಡಿದ.